ವಿದೇಶದ ಮಕ್ಕಳಿಗೆ ನಮ್ಮ ಕೆರೆಯನ್ನು ವಿವರಿಸಲು ಹೊರಟಾಗ

ನಿಮ್ಮ ಪ್ರೌಢಶಾಲೆಯ ಮಕ್ಕಳನ್ನು ಬೇರೆ ದೇಶದ ವಿದ್ಯಾರ್ಥಿಗಳೊಂದಿಗೆ ಸ್ಥಳೀಯ ಪರಿಸರ ಸಮಸ್ಯೆಗಳ ಕುರಿತು ವಿಡಿಯೋ ಮೂಲಕ ಮಾತನಾಡಿಸಿದರೆ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ, ಆದರೆ ಮಕ್ಕಳು ತಮ್ಮ ಊರಿನದನ್ನೇ ಹೇಳಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ ಸಮೀಪದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ತರಗತಿಯೊಂದರ ಜೊತೆ ಇಂಥ ಮಾತುಕತೆ ನಡೆಸಿದ್ದೇನೆ.

ಮೊದಲ ಸಲ ಏನೂ ದಕ್ಕಲಿಲ್ಲ, ತಪ್ಪು ನನ್ನದೇ. ‘ಜಾಗತಿಕ ತಾಪಮಾನ’ ಎಂಬ ವಿಷಯ ಕೊಟ್ಟಿದ್ದೆ, ಎರಡೂ ಕಡೆಯವರು ಪರಿಸರ ದಿನಾಚರಣೆಯ ಭಾಷಣ ಒಪ್ಪಿಸಿ ಎದ್ದುಹೋದರು. ಎರಡನೆಯ ಸಲ ನಮ್ಮ ಹುಡುಗನೊಬ್ಬ, 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡದ್ದನ್ನೂ, ಕೋಡಿಯಲ್ಲಿ ಏಳುತ್ತಿದ್ದ ನೊರೆ ಗಾಳಿಗೆ ಹಾರಿ ಬೈಕ್ ಸವಾರರ ಮೈಮೇಲೆ ಬೀಳುತ್ತಿದ್ದುದನ್ನೂ ವರ್ಣಿಸಿದಾಗ, ಆ ಕಡೆಯ ಹುಡುಗಿಯೊಬ್ಬಳು ತಮ್ಮ ಕಯಹೋಗ ನದಿಯೂ 1969ರ ಜೂನ್‌ನಲ್ಲಿ ಹೊತ್ತಿ ಉರಿದಿತ್ತೆಂದಳು. ಅವರಲ್ಲಿ ಉರಿದದ್ದು ಕಾರ್ಖಾನೆಗಳ ಎಣ್ಣೆ ಮತ್ತು ತೇಲುವ ಕಸ. ನಮ್ಮ ಕೆರೆಗೆ ಬರುವುದು ಬಹುಪಾಲು ಮನೆಗಳ ಕೊಳಚೆ, ಅದರೊಂದಿಗೆ ನಾವು ಬಟ್ಟೆಗೆ ಹಾಕುವ ಸೋಪಿನ ಪುಡಿ. ಕಾರ್ಖಾನೆಯ ಕೊಳವೆಯನ್ನಾದರೆ ಬೆರಳು ಮಾಡಿ ತೋರಿಸಬಹುದು, ಲಕ್ಷಾಂತರ ಬಚ್ಚಲುಗಳನ್ನು ತೋರಿಸುವುದು ಹೇಗೆ? ಅವರ ಶುದ್ಧ ಜಲ ಕಾಯ್ದೆ 1972ರದು, ನಮ್ಮ ಜಲ ಮಾಲಿನ್ಯ ಕಾಯ್ದೆ 1974ರದು, ನಡುವೆ ಎರಡೇ ವರ್ಷ, ಆದರೂ ನಮ್ಮ ಕೆರೆ 2017ರಲ್ಲಿ ಉರಿಯಿತು ಎಂದು ತಿಳಿದಾಗ ನಮ್ಮ ಮಕ್ಕಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡೂ ಕಡೆಯವರು ಒಂದೇ ಬಗೆಯ ಅಳತೆ ಮಾಡಿಕೊಂಡು ಬರುವುದು ಒಳ್ಳೆಯದು. ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ, 20 ಸೆಂ.ಮೀ. ಅಗಲದ ಕಪ್ಪು-ಬಿಳುಪು ಸೆಕ್ಕಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸಿ, ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುತ್ತದೆಂದು ಬರೆದುಕೊಂಡರೆ ಸಾಕು (ನಾವು ಹಳೆಯ ಸ್ಟೀಲ್ ತಟ್ಟೆಗೇ ಬಣ್ಣ ಬಳಿದಿದ್ದೆವು). ಚಳಿಗಾಲದಲ್ಲಿ ನಮ್ಮ ಸಂಜೆ 7 ಗಂಟೆ ಅವರಿಗೆ ಬೆಳಿಗ್ಗೆ 8.30. ನಮ್ಮ ಮಕ್ಕಳು ಶಾಲೆ ಮುಗಿದ ಮೇಲೆ ಸಂಜೆ ಕೂರಬೇಕಾಗುತ್ತದೆ, ಆದ್ದರಿಂದ ಪೋಷಕರ ಒಪ್ಪಿಗೆ ಮೊದಲೇ ಪಡೆಯಿರಿ.

ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಆಮೇಲೆ ನಡೆಯಿತು. ಹಿಮನದಿಗಳು ಕೊರೆದ ಈರೀ ಸರೋವರದ ದಡದಲ್ಲಿ ಬೆಳೆದ ಆ ಮಕ್ಕಳು ನಮ್ಮ ‘ಲೇಕ್’ ಕೂಡ ತಾನಾಗಿ ಆದದ್ದೆಂದೇ ತಿಳಿದಿದ್ದರು. ಇದು ಹಳ್ಳಕ್ಕೆ ಏರಿ ಹಾಕಿ ಕಟ್ಟಿದ ಕೆರೆ, ಒಂದು ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತದೆ, ಬೆಳ್ಳಂದೂರಿನ ನೀರು ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿ ಸೇರುತ್ತದೆ ಎಂದು ವಿವರಿಸಲು ಹೊರಟಾಗಲೇ ನಮ್ಮವರಿಗೆ ತಮಗೂ ಅದು ಅರೆಬರೆ ಗೊತ್ತಿತ್ತೆಂಬುದು ಹೊಳೆದದ್ದು. ಹಾಗಾದರೆ ತೂಬು ಎತ್ತುವವರು ಯಾರೆಂದು ಅವರು ಕೇಳಿದರು. ಅದುವರೆಗೆ ಬಾಯಿ ಬಿಡದಿದ್ದ, ಕೋಲಾರದ ಕಡೆಯ ಹುಡುಗಿಯೊಬ್ಬಳು ತನ್ನ ತಾತ ನೀರುಗಂಟಿಯಾಗಿದ್ದರೆಂದೂ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಅವರೇ ನೋಡಿಕೊಳ್ಳುತ್ತಿದ್ದರೆಂದೂ ಕನ್ನಡದಲ್ಲೇ ಹೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆ. ‘ನಿಮ್ಮ ಶಾಲೆಯ ಹತ್ತಿರದ ಕೆರೆಗೆ ಈಗ ಆ ಕೆಲಸ ಯಾರು ಮಾಡುತ್ತಾರೆ?’ ಎಂದು ಆ ಕಡೆಯಿಂದ ಮರುಪ್ರಶ್ನೆ ಬಂತು. ಮುಂದಿನ ಸಲಕ್ಕೆ ನಾನು ವಿಷಯ ಕೊಡಬೇಕಾಗಲಿಲ್ಲ.