ಡಿಎನ್‌ಎ ಪರೀಕ್ಷೆ ಬಿಡಿ, ಮೊದಲು ಅಜ್ಜಿಯ ಹತ್ತಿರ ಹೋಗಿ

ನಿಮ್ಮ ಮನೆಮಾತು ಕೊಂಕಣಿ, ಓದಿದ್ದು ಕನ್ನಡ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ನಾವು ನಿಜಕ್ಕೂ ಯಾರು ಅಂತ ಗೊತ್ತಾಗುತ್ತದಾ ಎಂದು ಕೇಳಿದ್ದೀರಿ. ಹದಿನೈದು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಓಡುತ್ತಿತ್ತು. ನಮ್ಮದು ಹೊನ್ನಾವರ.

ಆಗ ಅಜ್ಜಿ ಇದ್ದರು. ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತೆ. ನಮ್ಮ ಮೂಲ ಊರು ಯಾವುದು ಅಂದೆ. "ಆಮ್ಮಿ ಕೆಳಶಿಚೆ" ಅಂದರು. ನಾವು ಕೆಳಶಿಯವರು ಅಂತ. ನಾನು ಬರೆದುಕೊಂಡಿದ್ದು ಕೆಳದಿ.

ಕಿವಿಗೆ 'ಶಿ' ಅಂತಲೇ ಬಿದ್ದಿತ್ತು. ಆದರೆ ಅಜ್ಜಿಯ ಬಾಯಲ್ಲಿ ಕವಳ ಇತ್ತು, ಹಲ್ಲೂ ಉಳಿದಿರಲಿಲ್ಲ. 'ದಿ' ಅನ್ನಲು ಹೋಗಿ ಹಾಗೆ ಬಂದಿದೆ ಅಂದುಕೊಂಡೆ. ಕೆಳಶಿ ಅನ್ನೋ ಊರು ನನಗೆ ಗೊತ್ತಿರಲಿಲ್ಲ. ಕೆಳದಿ ಗೊತ್ತಿತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮನ ಪಾಠ ಓದಿದ್ದೆ. ಹೊನ್ನಾವರ ಕೂಡ ಒಂದು ಕಾಲಕ್ಕೆ ಕೆಳದಿ ಅರಸರ ಕೈಯಲ್ಲಿತ್ತು. ಎಲ್ಲಾ ಸರಿಹೊಂದಿತು. ನಮ್ಮವರು ಕೆಳದಿ ಅರಮನೆಯ ಲೆಕ್ಕ ಬರೆಯುತ್ತಿದ್ದರು ಅಂತ ನಾನೇ ಊಹಿಸಿದೆ. ಆಮೇಲೆ ನೆಂಟರಿಗೆಲ್ಲ ಅದನ್ನು ನಿಜವೆಂದೇ ಹೇಳಿದೆ. ಕೆಳದಿ ಹತ್ತಿರದ ಸಾಗರ ಪೇಟೆಗೆ ನಾಲ್ಕು ಸಲ ಹೋದೆ. ಕೆಳದಿ, ಇಕ್ಕೇರಿ ಎಲ್ಲಾ ಸುತ್ತಿದೆ. ಏಳು ವರ್ಷ ಹೀಗೇ ಕಳೆಯಿತು.

ಮನಸ್ಸಿಗೆ ಇನ್ನೂ ನೋವು ಕೊಡುವುದು ಬೇರೆ. "ಕೆಳದಿಯಲ್ಲಿ ನಮ್ಮವರು ಏನು ಮಾಡ್ತಿದ್ದರು?" ಅಂತ ಅಜ್ಜಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಒಮ್ಮೆ ಅವರು "ಅದಲ್ಲ ಮಗಾ" ಅಂದರು. ನಾನು ಅವರಿಗೇ ಕೆಳದಿ ಇತಿಹಾಸ ವಿವರಿಸಿದೆ. ಆಮೇಲೆ ಅವರು ಸುಮ್ಮನಾದರು. ವಯಸ್ಸಾಯಿತು, ಮರೆತಿದ್ದಾರೆ ಅಂದುಕೊಂಡೆ. ಮೂರನೇ ವರ್ಷ ತೀರಿಕೊಂಡರು. ಅವರಿಗೆ ಗೊತ್ತಿದ್ದ ಹೆಸರುಗಳು, ಹಾಡುಗಳು ಯಾವುದನ್ನೂ ನಾನು ಬರೆದಿಟ್ಟಿರಲಿಲ್ಲ.

ನಮ್ಮ ಕುಲದೇವರು ಗೋವಾದ ಕವಳೆ ಶಾಂತಾದುರ್ಗೆ. ಚಿಕ್ಕಪ್ಪನ ಮಗಳ ಮದುವೆ ಆದಮೇಲೆ ಎಲ್ಲರೂ ದರ್ಶನಕ್ಕೆ ಹೋಗಿದ್ದೆವು. ದೇವಿ ಮೊದಲು ಇದ್ದದ್ದು ಇಲ್ಲಲ್ಲ, ಜುವಾರಿ ನದಿಯ ಆಚೆ, ಕೆಳಶಿಯಲ್ಲಿ ಅಂತ ಅರ್ಚಕರು ಹೇಳಿದರು. ಅಲ್ಲೇ ಕೂತುಬಿಟ್ಟೆ.

ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಕೆಳಶಿ ಇದ್ದ ಸಾಷ್ಟಿ ಸೀಮೆ ಅವರ ಪಾಲಾದದ್ದು 1543ರಲ್ಲಿ. 1560ರ ದಶಕದಲ್ಲಿ ಅಲ್ಲಿ ಗುಡಿಗಳನ್ನು ಒಡೆಯಲು ಶುರುಮಾಡಿದಾಗ ಜನ ದೇವರನ್ನು ಎತ್ತಿಕೊಂಡು ರಾತ್ರೋರಾತ್ರಿ ನದಿ ದಾಟಿದರು. ಈಗ ಕವಳೆ ಗುಡಿ ಇರುವ ಆಚೆ ದಡದ ಫೋಂಡಾ ಆಗ ಬಿಜಾಪುರದ ಆದಿಲ್‌ಶಾಹಿಗಳದ್ದು. ಮಂಗೇಶಿ, ಮ್ಹಾಳಸಾ, ರಾಮನಾಥಿ ದೇವರುಗಳೂ ಹೀಗೇ ಸ್ಥಳ ಬದಲಿಸಿದವರು. ಎಷ್ಟೋ ಕುಟುಂಬಗಳು ಇನ್ನೂ ಕೆಳಗೆ, ನಮ್ಮ ಕರಾವಳಿಗೆ ಬಂದವು. ಅಜ್ಜಿ ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ ಇತ್ತು. ಬಿಟ್ಟುಬಂದು 450 ವರ್ಷ ಆದಮೇಲೂ, ಒಮ್ಮೆಯೂ ನೋಡದ ಊರಿನ ಹೆಸರನ್ನು ಅವರು ಕಾಪಾಡಿಕೊಂಡಿದ್ದರು. ಅದನ್ನು ಅಳಿಸಿದ್ದು ಓದಿದ ನಾನು.

ಮರುದಿನ ಕೆಳಶಿಗೆ ಹೋದೆ. ಒಬ್ಬ ಕ್ರಿಶ್ಚಿಯನ್ ಅಜ್ಜಿ ನೀರು ಕೊಟ್ಟು, ದೇವಿಯ ಹಳೇ ಜಾಗ ಎಲ್ಲಿ ಅಂತ ದಾರಿ ತೋರಿಸಿದರು. ಅವರ ಕೊಂಕಣಿ ನನಗೆ ಮುಕ್ಕಾಲು ಪಾಲು ಅರ್ಥವಾಯಿತು. ಅವರು ಅದನ್ನು ಓದುವುದು ರೋಮನ್ ಲಿಪಿಯಲ್ಲಿ, ನಾನು ಕನ್ನಡ ಲಿಪಿಯಲ್ಲಿ. ಅವರ ಹಿರಿಯರು ಅಲ್ಲೇ ಉಳಿದರು, ನಮ್ಮವರು ಹೊರಟರು. ರಕ್ತ ಒಂದೇ ಇದ್ದರೂ ಇರಬಹುದು. ಯಾರು ಉಳಿದರು, ಯಾರು ಯಾಕೆ ಹೊರಟರು ಅನ್ನೋದನ್ನು ಯಾವ ಪರೀಕ್ಷೆಯ ವರದಿ ಹೇಳುತ್ತದೆ, ಹೇಳಿ?

"ನಿಜಕ್ಕೂ ಯಾರು" ಅನ್ನೋ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಕೊಂಕಣಿಯಲ್ಲಿ ಬೇಡಿಕೊಳ್ಳುವುದೂ ನೀವೇ, ಕನ್ನಡದಲ್ಲಿ ಲೆಕ್ಕ ಮಾಡುವುದೂ ನೀವೇ ಅಲ್ವಾ? ಒಂದು ಅಸಲಿ, ಇನ್ನೊಂದು ನಕಲಿ ಯಾಕಾಗಬೇಕು?

ನಿಮ್ಮ ಅಜ್ಜಿಗೆ 84 ಅಂತ ಬರೆದಿದ್ದೀರಿ. ಈ ಶನಿವಾರವೇ ಬಸ್ ಹತ್ತಿ. ಫೋನ್‌ನಲ್ಲಿ ರೆಕಾರ್ಡ್ ಹಾಕಿಟ್ಟು, ಪ್ರಶ್ನೆ ಕಡಿಮೆ ಕೇಳಿ. ಗೊತ್ತಿಲ್ಲದ ಹೆಸರು ಬಂದರೆ ಇನ್ನೊಮ್ಮೆ ಹೇಳಿಸಿ, ಕೇಳಿಸಿದ ಹಾಗೇ ಬರೆದುಕೊಳ್ಳಿ. ಕುಲದೇವರಿಗೆ ಕಾಯಿ ಇಟ್ಟು ಬೇಡಿಕೊಳ್ಳುವಾಗ ಯಾವ ಊರಿನ ಹೆಸರು ಹೇಳುತ್ತಾರೆ ಅಂತ ಮೊದಲು ಕೇಳಿ.