ಐಸಿಯುಗೆ ಹೊಸದಾಗಿ ಬಂದ ನರ್ಸ್‌ಗೆ ಏನನ್ನು ಮೊದಲು ಕಲಿಸಬೇಕು?

ಈಗಷ್ಟೇ ಬಿಎಸ್‌ಸಿ ನರ್ಸಿಂಗ್ ಮುಗಿಸಿದ ಹುಡುಗಿಯನ್ನು ನಿಮ್ಮ ಜೊತೆ ಡ್ಯೂಟಿಗೆ ಹಾಕಿದ್ದಾರೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಅಲಾರಂನಿಂದ ಶುರು ಮಾಡಿ. ಮಾನಿಟರ್ ಕೂಗಿದರೆ ಹೊಸಬರು ಮೊದಲು ಪರದೆ ನೋಡುತ್ತಾರೆ, ಇಲ್ಲಾಂದ್ರೆ ಸದ್ದು ಆರಿಸುತ್ತಾರೆ. ಮೊದಲು ರೋಗಿಯ ಮುಖ ನೋಡಲಿ. ಎದೆ ಏರಿಳಿಯುತ್ತಿದೆಯಾ, ತುಟಿಯ ಬಣ್ಣ ಹೇಗಿದೆ, ಕೈ ತಣ್ಣಗಿದೆಯಾ? ಪರದೆ ಆಮೇಲೆ.

ಆರ್ಟೀರಿಯಲ್ ಲೈನ್‌ನಲ್ಲಿ (ಅಪಧಮನಿಯೊಳಗೆ ಹಾಕಿ ಬಿಪಿಯನ್ನು ಸತತವಾಗಿ ಅಳೆಯುವ ಸಣ್ಣ ಕೊಳವೆ) ಬಿಪಿ ದಿಢೀರನೆ ಇಳಿಯಿತು ಅಂದುಕೊಳ್ಳಿ. ಗಾಬರಿಯಲ್ಲಿ ಅವಳ ಕೈ ಸೀದಾ ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್‌ನ ಪಂಪ್ ಕಡೆ ಹೋಗುತ್ತದೆ. ಆಗ ಮೆಲ್ಲಗೆ, "ಟ್ರಾನ್ಸ್‌ಡ್ಯೂಸರ್ ಎಲ್ಲಿದೆ ನೋಡಮ್ಮ" ಅನ್ನಿ. ಆ ಲೈನ್‌ನ ಒತ್ತಡ ಅಳೆಯುವ ಸೆನ್ಸರ್ ಅದು. ಯಾರೋ ಹಾಸಿಗೆ ತಗ್ಗಿಸಿರುತ್ತಾರೆ, ಸ್ಟ್ಯಾಂಡ್‌ನಲ್ಲಿರುವ ಟ್ರಾನ್ಸ್‌ಡ್ಯೂಸರ್ ಮೇಲೇ ಉಳಿದಿರುತ್ತದೆ. ಅದು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಮೇಲಿದ್ದರೆ ಬಿಪಿ ಸುಮಾರು 7 ಪಾಯಿಂಟ್ ಕಡಿಮೆ ತೋರಿಸುತ್ತದೆ. ಮಟ್ಟ ಸರಿಮಾಡಿ, ಜೀರೋ ಮಾಡಿ (ಹೊರಗಿನ ಗಾಳಿಯ ಒತ್ತಡಕ್ಕೆ ಸೊನ್ನೆ ತೋರಿಸುವಂತೆ ಹೊಂದಿಸಿ), ತೋಳಿಗೆ ಕಟ್ಟುವ ಕಫ್‌ನಲ್ಲೂ ಒಮ್ಮೆ ಬಿಪಿ ನೋಡಲಿ. ಆದರೂ ಕಡಿಮೆಯೇ ಇದ್ದರೆ ತಡಮಾಡದೆ ಡಾಕ್ಟರನ್ನು ಕರೆಯಲಿ. ಇಷ್ಟನ್ನು ಅವಳ ಕೈಯಲ್ಲೇ ಮಾಡಿಸಿ, ನೀವು ಪಕ್ಕದಲ್ಲಿ ನಿಂತಿರಿ. ದಪ್ಪ ಪ್ರೋಟೋಕಾಲ್ ಫೈಲ್ ಕೊಟ್ಟು "ಓದ್ಕೋ" ಅಂದರೆ ಇದು ಬರುವುದಿಲ್ಲ.

ಇನ್ನೊಂದು. ರೋಗಿಯ ಮನೆಯವರ ಮುಂದೆ ಅವಳನ್ನು ಬೈಯಬೇಡಿ. ನನ್ನನ್ನು ಹಾಗೆ ಬೈದಿದ್ದರು. ಆಮೇಲೆ ಎಷ್ಟೋ ದಿನ ಡೋಸ್ ಬಗ್ಗೆ ಅನುಮಾನ ಬಂದರೂ ಕೇಳಲು ಹೆದರುತ್ತಿದ್ದೆ. ಐಸಿಯುನಲ್ಲಿ ಅದಕ್ಕಿಂತ ಅಪಾಯ ಬೇರೆ ಇಲ್ಲ.

ಅವಳು ನೋಡಿಕೊಂಡ ರೋಗಿ ಮೊದಲ ಸಲ ತೀರಿಕೊಂಡ ದಿನ ಸುಮ್ನೆ ಮನೆಗೆ ಕಳಿಸಬೇಡಿ. ಒಂದು ಲೋಟ ಟೀ ಕೊಟ್ಟು, ಹತ್ತು ನಿಮಿಷ ಜೊತೆಯಲ್ಲಿ ಕೂತುಕೊಳ್ಳಿ.