ಅಷ್ಟೊಂದು ಬಣ್ಣ ಇದ್ದೂ ನವರಂಗ ಹಕ್ಕಿ ಯಾಕೆ ಕಾಣಿಸುವುದಿಲ್ಲ?

ಮೂರು ಸಲ ಕಾಡು ಸುತ್ತಿದರೂ ನವರಂಗ ಸಿಗಲಿಲ್ಲ, ಅಷ್ಟು ಬಣ್ಣದ ಹಕ್ಕಿ ಅಡಗುವುದಾದರೂ ಹೇಗೆ ಅಂತ ಕೇಳಿದ್ದೀರಿ. ಸುತ್ತಿ ಸುತ್ತಿ ನಿಮ್ಮ ಕತ್ತು ನೋಯುತ್ತಿದ್ದರೆ ತಪ್ಪು ಅಲ್ಲೇ ಇದೆ. ಇದು ಮರದ ಮೇಲೆ ಹುಡುಕುವ ಹಕ್ಕಿ ಅಲ್ಲ. ಹಗಲು ಜಾಸ್ತಿ ಹೊತ್ತು ನೆಲದಲ್ಲೇ ಇರುತ್ತದೆ. ಪೊದೆಯ ಅಡಿಯಲ್ಲಿ ತರಗೆಲೆ ಕೆದಕಿ ಹುಳು ಹೆಕ್ಕುತ್ತಿರುತ್ತದೆ.

ಇನ್ನು ಬಣ್ಣ. ಬಾಲದ ಬುಡದಲ್ಲಿ ಕಡುಗೆಂಪು ಇದೆ ನಿಜ, ಆದರೆ ಅದು ಕೆಳಭಾಗದಲ್ಲಿ. ನೆಲಕ್ಕೆ ಕಾಣುತ್ತದೆ, ನಮಗಲ್ಲ! ಎದೆ ಒಣಗಿದ ಎಲೆಯ ಬಣ್ಣದ್ದು. ಬೆನ್ನು ಹಸಿರು. ನಮಗೆ ಬೆನ್ನು ಹಾಕಿ ನಿಂತರೆ ನೆರಳಲ್ಲಿ ಇನ್ನೊಂದು ಎಲೆ, ಅಷ್ಟೆ. ರೆಕ್ಕೆಯ ಮೇಲಿನ ಹೊಳೆಯುವ ನೀಲಿ ಇದೆಯಲ್ಲ, ಅದು ಬಣ್ಣವೇ ಅಲ್ಲ. ಗರಿಯ ಒಳಗಿನ ರಚನೆಯಿಂದ ಬೆಳಕು ಚದುರಿ ನೀಲಿಯಾಗಿ ಕಾಣುತ್ತದೆ. ಬಿಸಿಲು ಬೀಳದ ಕಡೆ ಅದೂ ಮಂಕು. ಫೋಟೋಗಳಲ್ಲಿ ನಾವು ನೋಡುವುದು ಒಳ್ಳೆ ಬೆಳಕು ಬಿದ್ದ ಒಂದು ಕ್ಷಣವನ್ನು.

ಹಾಗಾಗಿ ಕಣ್ಣಿಗಿಂತ ಮೊದಲು ಕಿವಿ ಬೇಕು. ಬೆಳಗಾಗುವಾಗ, ಮತ್ತೆ ಮುಸ್ಸಂಜೆಯಲ್ಲಿ ಎರಡು ಸ್ವರದ ಜೋರು ಸಿಳ್ಳೆ ಹಾಕುತ್ತದೆ. ತಮಿಳಿನಲ್ಲಿ ಇದನ್ನು 'ಆರು ಗಂಟೆ ಹಕ್ಕಿ' ಅಂತಲೇ ಕರೆಯುತ್ತಾರೆ. ಅಂದಹಾಗೆ, ಇದನ್ನು ಹಾಡುಹಕ್ಕಿ ಅಂದರೆ ಪಕ್ಷಿ ತಜ್ಞರು ಒಪ್ಪುವುದಿಲ್ಲ. ನವರಂಗ ಸೇರಿರುವ ಪಿಟ್ಟಾಗಳು ಬೇರೆಯೇ ಗುಂಪು, ನಿಜವಾದ ಹಾಡುಹಕ್ಕಿಗಳ ಹಾಗೆ ಗಂಟಲು ಪಳಗಿದವಲ್ಲ. ಪಿಟ್ಟಾ ಅನ್ನುವ ಹೆಸರು ತೆಲುಗಿನದು, ಅರ್ಥ ಸುಮ್ನೆ 'ಹಕ್ಕಿ' ಅಂತ ಅಷ್ಟೆ!

ನೀವು ಹೋಗಿದ್ದು ಮಳೆಗಾಲದಲ್ಲಾ? ಹಾಗಿದ್ದರೆ ಅದೂ ಒಂದು ಕಾರಣ. ಆಗ ಹೆಚ್ಚಿನವು ಮಧ್ಯ ಭಾರತ, ಹಿಮಾಲಯದ ತಪ್ಪಲಿನ ಕಡೆ ಮರಿ ಮಾಡುತ್ತಿರುತ್ತವೆ. ದಕ್ಷಿಣಕ್ಕೆ ಬರುವುದು ಚಳಿಗಾಲ ಕಳೆಯಲು. ಬರುವಾಗ ರಾತ್ರಿ ಹಾರಿ ಸುಸ್ತಾಗಿ, ಊರ ಮಧ್ಯೆ ಮನೆಗಳ ಹಿತ್ತಲಲ್ಲೂ ಕೆಲವು ಇಳಿಯುತ್ತವೆ. ನಾನು ಮೊದಲು ನೋಡಿದ್ದೇ ಹಾಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಮೋಟು ಬಾಲ, ಕಾಡಿಗೆ ತೀಡಿದಂಥ ಕಣ್ಣು. ಯಾರೋ ಸಾಕಿದ್ದು ತಪ್ಪಿಸಿಕೊಂಡು ಬಂದಿದೆ ಅಂದುಕೊಂಡಿದ್ದೆ.

ಕಾಡಿನಲ್ಲಿ ಸಿಕ್ಕಿದ್ದು ಅದಾಗಿ ಎಷ್ಟೋ ದಿನದ ಮೇಲೆ. ಸಿಳ್ಳೆ ಕೇಳಿದ ಕಡೆ ನಡೆಯದೆ ಅಲ್ಲೇ ಕೂತೆ. ಅರ್ಧ ಗಂಟೆ ಸೊಳ್ಳೆ ಬಿಟ್ಟರೆ ಏನೂ ಇಲ್ಲ. ಆಮೇಲೆ ಎದುರಿಗೆ ಒಂದು ತರಗೆಲೆ ತಾನಾಗಿಯೇ ಮಗುಚಿತು.